ಬರೆಯದೆ ಓದಿದ ಸಾಲು

ಇದನ್ನು ಬರೆಯಬೇಕೆಂದು ನೋಟ್‌ಬುಕ್ ತಂದಿಟ್ಟು ನಾಲ್ಕು ವರ್ಷವಾಯಿತು. ಮೊದಲನೆಯದರಲ್ಲಿ ಮೊಮ್ಮಗಳು ನವಿಲು ಬರೆದಳು. ಎರಡನೆಯದರಲ್ಲಿ ನಾನೇ ಒಂದು ಪುಟ ತುಂಬ ನನ್ನ ಕಸುಬಿನ ಹೆಗ್ಗಳಿಕೆ ಬರೆದು, ಓದಿ ನೋಡಿ, ನಾಚಿಕೆಯಾಗಿ ಹರಿದು ಹಾಕಿದೆ. ಆಮೇಲೆ ಕಣ್ಣಿನ ಆಪರೇಷನ್ ಆಗಲಿ, ಹಬ್ಬ ಕಳೆಯಲಿ, ಬಿಸಿಲು ಇಳಿಯಲಿ ಅಂತ ಒಂದೊಂದು ನೆಪ. ಮೂವತ್ತೈದು ವರ್ಷ ಬೇರೆಯವರ ಮಾತನ್ನು ಕಾಗದಕ್ಕೆ ಇಳಿಸಿದವನಿಗೆ ತನ್ನ ಮಾತು ನಾಲ್ಕು ಪುಟ ಬರೆಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ನಾನು ಪತ್ರ ಬರಹಗಾರನಾಗಿದ್ದೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು ಬರೆದುಕೊಡುವ ಕೆಲಸ. ಲೈಸೆನ್ಸು ಸರ್ಕಾರದ್ದು, ಸಂಬಳ ಇಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಗುಂಡ್ಲುಪೇಟೆಯಲ್ಲಿ ಕಲಿತೆ. ಚಾಮರಾಜನಗರ ಜಿಲ್ಲೆಯಾದ ಮೇಲೆ ಅಲ್ಲಿಗೆ ಬಂದು ಕೂತೆ. ಈಗ ಈ ಕೆಲಸಕ್ಕೆ ಕಂಪ್ಯೂಟರ್ ಕಲಿತ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಅವರು ನನಗಿಂತ ಚೆನ್ನಾಗಿ ಟೈಪು ಮಾಡುತ್ತಾರೆ, ಕಾಗುಣಿತವೂ ಚೆನ್ನಾಗಿದೆ. ಆದರೆ ವಯಸ್ಸಾದವರು ಮುಂದೆ ಬಂದು ಕೂತಾಗ ಏನು ಮಾಡಬಾರದು ಅನ್ನುವುದನ್ನು ಯಾವ ಕಂಪ್ಯೂಟರ್ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ. ಅದನ್ನು ಮಾಡಿದವನು ನಾನು, ಹಾಗಾಗಿ ನಾನೇ ಹೇಳಬೇಕು.

ಗುಂಡ್ಲುಪೇಟೆಯಲ್ಲಿ ನನಗೆ ಕಲಿಸಿದವರು ನಂಜುಂಡಯ್ಯನವರು. ಸಣ್ಣ ದೇಹ, ದೊಡ್ಡ ಗಂಟಲು. ಪತ್ರ ಬರೆದು ಮುಗಿಸಿದ ಮೇಲೆ ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದುತ್ತಿದ್ದರು. ಹೈವೇ ಮೇಲೆ ಕೇರಳದ ಕಡೆಗೆ ಹೋಗುವ ತರಕಾರಿ ಲಾರಿಗಳು ಹಾರ್ನ್ ಹೊಡೆದರೆ ನಿಲ್ಲಿಸಿ, ಲಾರಿ ಹೋದ ಮೇಲೆ ಆ ಸಾಲನ್ನು ಮತ್ತೆ ಓದುತ್ತಿದ್ದರು. ಬಂದವರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಪತ್ರದ ಕೊನೆಗೆ 'ಓದಿ ಹೇಳಲಾಗಿ ಕೇಳಿ ಒಪ್ಪಿ' ಎಂದು ಬರೆದು ಹೆಬ್ಬೆಟ್ಟು ಒತ್ತಿಸುತ್ತೇವಲ್ಲ, ಆ ಮಾತು ಸುಳ್ಳಾಗಬಾರದು ಅನ್ನುವುದು ಅವರ ಹಟ.

"ಅವ್ರಿಗೆ ಕಣ್ಣು ನಾವು ಕಣಯ್ಯ," ಅನ್ನುತ್ತಿದ್ದರು. "ಕಣ್ಣು ಸುಳ್ಳು ಏಳಿದ್ರೆ ಮನ್ಸ ಎಲ್ಲಿಗೋಗಿ ಬೀಳ್ತಾನೆ ಯೋಚ್ನೆ ಮಾಡು."

ಆ ಮಾತು ಆಗ ನನಗೆ ಅರ್ಥವಾಗಿತ್ತು ಅಂತಲೇ ಅಂದುಕೊಂಡಿದ್ದೆ.

ಕಲಿಯುವ ಕಾಲದಲ್ಲಿ ತಪ್ಪು ಮಾಡಿದ್ದೇನೆ. ಒಂದು ಕ್ರಯಪತ್ರದ ಚಕ್ಕುಬಂದಿಯಲ್ಲಿ, ಅಂದರೆ ಜಮೀನಿನ ನಾಲ್ಕು ದಿಕ್ಕಿಗೆ ಏನಿದೆ ಅನ್ನುವ ವಿವರದಲ್ಲಿ, ಪೂರ್ವ ಪಶ್ಚಿಮ ಅದಲು ಬದಲು ಮಾಡಿಬಿಟ್ಟೆ. ಕಾಗದದ ಪ್ರಕಾರ ಪಕ್ಕದವನ ಬಾವಿ ಕೊಂಡವನ ಪಾಲಿಗೆ ಬಂತು. ಬಾವಿಯ ಯಜಮಾನ ಟವೆಲ್ ಕೊಡವುತ್ತಾ ಬಂದು ನನ್ನ ಮುಂದೆ ನಿಂತ.

"ಏನಪ್ಪಾ, ನಿಮ್ಮನೆ ಕಡೆ ಸೂರ್ಯ ಯಾವ ಕಡಿಂದ ಉಟ್ತಾನೆ?"

ಸುತ್ತ ಇದ್ದವರೆಲ್ಲ ನಕ್ಕರು. ನಂಜುಂಡಯ್ಯನವರು ನಗಲಿಲ್ಲ. ನನ್ನನ್ನು ಬಸ್ಸು ಹತ್ತಿಸಿ ಆ ಜಮೀನಿಗೇ ಕಳಿಸಿದರು. ಬದುವಿನ ಮೇಲೆ ನಿಂತು, ನಾಲ್ಕು ಕಡೆ ತಿರುಗಿ ನೋಡಿ, ಗುರುತು ಮಾಡಿಕೊಂಡು ಬಂದೆ. ತಿದ್ದುಪಡಿ ಪತ್ರ ಬರೆದು ಮಾರಿದವನು, ಕೊಂಡವನು ಇಬ್ಬರ ಕೈಲೂ ರುಜು ಹಾಕಿಸಿದೆವು. ಎರಡೂ ಕಡೆಯವರು ಒಪ್ಪಿದರೆ ನಮ್ಮ ಕಸುಬಿನಲ್ಲಿ ತಪ್ಪು ತಿದ್ದಬಹುದು. ಒಂದು ಕಡೆಯವರು ಒಪ್ಪದಿದ್ದರೆ ತಿದ್ದಲಾಗುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮುಪ್ಪಿಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಲು ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ಒಬ್ಬ ಯಜಮಾನರು ಆರು ಸಲ ಉಯಿಲು ಬರೆಸಿದರು. ಮೂವರು ಗಂಡು ಮಕ್ಕಳು. ಯಾರ ಮೇಲೆ ಸಿಟ್ಟು ಬಂದರೂ ಮಾರನೆಯ ದಿನ ನನ್ನ ಮುಂದೆ ಹಾಜರು.

"ಈ ಸಲ ಯಾರು ಯಜಮಾನ್ರೇ?"

"ನಡುಕಲವ್ನು. ನೆನ್ನೆ ನನ್ ಮುಂದೆ ಕಾಲ್ಮೇಲೆ ಕಾಲಾಕ್ಕಂಡು ಕೂತಿದ್ದ ಕಣಯ್ಯ."

"ಅಷ್ಟಕ್ಕೆ ಮಗನ್ನ ತೆಗೆದುಬಿಡೋದಾ?"

"ತೆಗ್ದು ಬರಿ. ಮುಂದ್ಲ ತಿಂಗ್ಳು ಕಾಲಿಳಿಸಿದ್ರೆ ಸೇರಿಸ್ಬುಡನ."

ಈ ಮನುಷ್ಯನ ಬಗ್ಗೆ ನಾವು ಬಹಳ ನಗುತ್ತಿದ್ದೆವು. ಈಗ ಅನ್ನಿಸುತ್ತದೆ, ಆತ ದಡ್ಡನಲ್ಲ. ಉಯಿಲು ಬರೆದವನು ಸಾಯುವವರೆಗೆ ಮನಸ್ಸು ಬದಲಾಯಿಸಬಹುದು. ದಾನಪತ್ರ ಹಾಗಲ್ಲ. ಬರೆದು, ರಿಜಿಸ್ಟರ್ ಆಗಿ, ಆ ಕಡೆಯವರು ಒಪ್ಪಿಕೊಂಡರೆ ಆಯಿತು, ಸ್ವತ್ತು ಹೋಯಿತು. ಆತ ಈರುಳ್ಳಿ ವ್ಯಾಪಾರಿ. ಮೂಟೆ ಕೈಬಿಡುವ ಮುಂಚೆ ತೂಕ ನೋಡುತ್ತಿದ್ದ.

ಚಾಮರಾಜನಗರಕ್ಕೆ ಬಂದ ಮೇಲೆ ನನಗೊಂದು ಹೆಸರು ಬಂತು. ನನ್ನ ಹತ್ತಿರ ಬಂದವರು ಜಗಳವಾಡಿಕೊಂಡು ಎದ್ದುಹೋಗುವುದಿಲ್ಲ ಅಂತ. ಪಾಲು ಮಾಡಿಕೊಳ್ಳಲು ಬಂದ ಅಣ್ಣತಮ್ಮಂದಿರು ಆಫೀಸಿನ ಬಾಗಿಲಲ್ಲಿ ಕಾಲರ್ ಹಿಡಿದುಕೊಳ್ಳುವುದು ಅಲ್ಲಿ ದಿನಾ ನಡೆಯುತ್ತಿತ್ತು. ನಾನು ಆ ಕಡೆಗೊಂದು ಮಾತು, ಈ ಕಡೆಗೊಂದು ಮಾತು ಹೇಳಿ, ಚುಚ್ಚುವ ಶಬ್ದ ತೆಗೆದು ಮೆತ್ತನೆಯ ಶಬ್ದ ಹಾಕಿ, ಎಲ್ಲರಿಗೂ ಟೀ ಕುಡಿಸಿ ಕಳಿಸುತ್ತಿದ್ದೆ. 'ಇವ್ರತ್ರ ಬರೆಸಿದ್ರೆ ಸಮಾಧಾನ' ಅಂತ ಜನ ಹೇಳುವುದು ಕಿವಿಗೆ ಬಿದ್ದಾಗ ಬಹಳ ಖುಷಿಯಾಗುತ್ತಿತ್ತು. ನನ್ನನ್ನು ಕೆಡಿಸಿದ್ದು ಆ ಖುಷಿಯೇ. ಲಂಚವಲ್ಲ. ಈಗ ಹೇಳುವ ವಿಷಯದಲ್ಲಿ ನಾನು ಯಾರಿಂದಲೂ ಒಂದು ರೂಪಾಯಿ ಹೆಚ್ಚಿಗೆ ತೆಗೆದುಕೊಂಡಿಲ್ಲ. ತೆಗೆದುಕೊಂಡಿದ್ದರೆ ದುರಾಸೆಗೆ ಮಾಡಿದೆ ಅಂತಾದರೂ ಹೇಳಬಹುದಿತ್ತು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕೈಬರಹ ಹೋಗಿ ಕಂಪ್ಯೂಟರ್ ಬಂದ ಹೊಸತು. ಆಫೀಸಿನೊಳಗೆ ಹೆಬ್ಬೆಟ್ಟನ್ನು ಗಾಜಿನ ಮೇಲೆ ಇಡಿಸಿ, ಕ್ಯಾಮೆರಾ ಮುಂದೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಜನ ಹೆದರಿ ಕಣ್ಣು ಮುಚ್ಚುತ್ತಿದ್ದರು. ಎದುರಿನ ಅಂಗಡಿಯಲ್ಲಿ ನಾನು ಹೇಳಿದಂತೆ ಟೈಪು ಮಾಡಿಕೊಡಲು ಒಬ್ಬ ಹೆಣ್ಣುಮಗಳಿದ್ದಳು. ಒಂದು ದಿನ ಕುದೇರು ಅನ್ನುವ ಊರಿನಿಂದ ನನ್ನ ಹತ್ತಿರ ಒಬ್ಬ ಹೆಂಗಸು ಬಂದರು. ಅರವತ್ತರ ಆಸುಪಾಸು. ಗಂಡ ತೀರಿಕೊಂಡಿದ್ದರು, ಮಕ್ಕಳಿಲ್ಲ. ಅಣ್ಣನ ಮಗ ಮಹದೇವಸ್ವಾಮಿಯನ್ನು ಚಿಕ್ಕಂದಿನಿಂದ ಮನೆಯಲ್ಲಿಟ್ಟುಕೊಂಡು ಸಾಕಿದ್ದರು. ಮನೆಯನ್ನು ಅವನ ಹೆಸರಿಗೆ ದಾನಪತ್ರ ಮಾಡಬೇಕು. ಅವನೂ ಜೊತೆಯಲ್ಲಿದ್ದ, ಮದುವೆಯಾಗಿ ಒಂದು ವರ್ಷವಾಗಿತ್ತು.

ಆಕೆ ಗಟ್ಟಿಮುಟ್ಟಾಗಿದ್ದರು. ಬಸ್ಸಿಳಿದು ಅಷ್ಟು ದೂರ ನಡೆದು ಬಂದರೂ ಉಸಿರು ಏರಿರಲಿಲ್ಲ. ಬೆಂಚಿನ ಮೇಲೆ ಕೂತು ನೇರವಾಗಿ ವಿಷಯಕ್ಕೆ ಬಂದರು.

"ಮನೆ ಎಲ್ಲಾ ಅವ್ನಿಗೆ ಬರಿಯಪ್ಪ. ಬೀದಿ ಕಡೆ ಬಾಗ್ಲಿರೋ ಮುಂದ್ಲ ಕ್ವಾಣೆ ಮಾತ್ರ ನಾನು ಸಾಯಗಂಟ ನಂದು."

"ಅಕ್ಕಾ, ಅವನೇನು ನಿಮ್ಮನ್ನ ಹೊರಗೆ ಹಾಕ್ತಾನಾ?"

"ಆಕಲ್ಲ. ಉಣ್ಣಕ್ಕೂ ಇಕ್ತಾನೆ. ಅದಲ್ಲ ನಾ ಏಳ್ತಿರೋದು." ಮಹದೇವಸ್ವಾಮಿಯ ಕಡೆ ತಿರುಗಿ, "ನೀನು ಮೊಕ ಊದಿಸ್ಕಬ್ಯಾಡ ಕಣ್ಲಾ" ಅಂದರು. ಆಮೇಲೆ ನನಗೆ ಹೇಳಿದರು. "ನಮ್ಮತ್ತೆ ಕಡೇ ಮೂರು ವರ್ಸ ಇಂದ್ಲ ಕ್ವಾಣೇಲಿ ಮನಗಿದ್ಲು. ಕೂಗೋಳು. ಅರ್ಧ ಸಲ ನಂಗೆ ಕೇಳ್ತಿರ್ಲಿಲ್ಲ. ಇನ್ನರ್ಧ ಸಲ ಕೇಳಿದ್ರೂ ಕೇಳ್ದಂಗೆ ಇರ್ತಿದ್ದೆ. ಕೆಲ್ಸ ಇರೋದಲ್ಲಪ್ಪ. ನಾನು ಕೆಟ್ಟೋಳಲ್ಲ, ಆದ್ರೂ ಅಂಗ್ ಮಾಡ್ಬುಟ್ಟೆ. ಇವ್ನ ಎಂಡ್ರೂ ಕೆಟ್ಟೋಳಲ್ಲ. ನಾ ಬೀದಿ ಬಾಗ್ಲಲ್ಲಿದ್ರೆ, ಕೂಗಿದ್ರೆ ಓಗೋರು ಬರೋರಿಗಾದ್ರೂ ಕೇಳ್ತದೆ."

ಆ ಕೋಣೆಗೆ ಆಕೆ ಆಗಲೇ ತಯಾರಿ ಮಾಡಿಕೊಂಡಿದ್ದರು. ಎತ್ತರದ ಹೊಸ್ತಿಲು ತೆಗೆಸಿದ್ದರು. ಹಿಡಿದುಕೊಂಡು ಏಳಲು ಗೋಡೆಗೆ ಕಬ್ಬಿಣದ ಪೈಪು ಹಾಕಿಸಿದ್ದರು. "ಈಗ ಮಂಡಿ ನೋಯ್ತಿಲ್ಲ, ನೋಯೋ ಕಾಲ್ಕೆ ಗಾರೆಯವ್ನ ಉಡುಕ್ಕಂಡು ಓಗಕ್ಕಾಯ್ತದಾ?" ಅಂದರು. ಮುಪ್ಪಿನ ಬಗ್ಗೆ ಹೆದರಿಕೆಯಿಲ್ಲದೆ, ನಾಳೆಯ ಅಡಿಗೆಗೆ ಕಾಳು ನೆನೆಹಾಕುವವರ ಹಾಗೆ ಮಾತಾಡಿದ ಇನ್ನೊಬ್ಬರನ್ನು ನಾನು ನೋಡಿಲ್ಲ. ಬರೆಯುತ್ತೇನೆ, ನಾಳೆ ಬನ್ನಿ ಅಂದೆ.

ಅವರು ಬಸ್‌ಸ್ಟ್ಯಾಂಡಿಗೆ ಹೋದ ಮೇಲೆ ಮಹದೇವಸ್ವಾಮಿ ಒಬ್ಬನೇ ತಿರುಗಿ ಬಂದ. ಕಣ್ಣಲ್ಲಿ ನೀರಿತ್ತು.

"ಸಾರ್, ಆ ಸಾಲು ಬ್ಯಾಡ ಸಾರ್. ಸಾಕ್ಷಿ ಹಾಕಕ್ಕೆ ಹೆಣ್ಣು ಕೊಟ್ಟ ಮಾವ ಬತ್ತಾರೆ. ಅವ್ರ ಮುಂದೆ ಅದನ್ನ ಓದಿದ್ರೆ ನನ್ನ ಮರ್ಯಾದೆ ಏನಾಯ್ತದೆ? ಅತ್ತೆಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ಊರೆಲ್ಲ ಆಡ್ಕತ್ತಾರೆ. ನಾನು ನೋಡ್ಕಳಲ್ವ ಸಾರ್?"

ಅವನು ನಾಟಕವಾಡುತ್ತಿರಲಿಲ್ಲ. ನಿಜವಾಗಿ ನೊಂದಿದ್ದ. ಒಳ್ಳೆಯ ಹುಡುಗ, ಒಂದು ಸಾಲಿಗಾಗಿ ಮನೆಯೊಳಗೆ ಮನಸ್ತಾಪ ಯಾಕೆ ಅಂದುಕೊಂಡೆ. ಪತ್ರ ಟೈಪು ಮಾಡಿಸುವಾಗ ಆ ಸಾಲು ಬಿಟ್ಟೆ. 'ಪ್ರೀತಿ ವಿಶ್ವಾಸದಿಂದ' ಅಂತ ಒಂದು ಮಾತು ಸೇರಿಸಿದೆ. ನಾಳೆ ಅಕ್ಕನಿಗೆ ಸಮಾಧಾನವಾಗಿ ಹೇಳಿದರಾಯಿತು ಅಂದುಕೊಂಡೆ.

ಮಾರನೆಯ ದಿನ ಬಹಳ ಜನ. ನಮ್ಮ ಸರದಿ ಹತ್ತಿರ ಬಂದಿತ್ತು. ಮಾವ ಸಾಕ್ಷಿಗೆ ಬರಲೇ ಇಲ್ಲ, ಬಸ್ಸು ತಪ್ಪಿತಂತೆ. ಅಲ್ಲೇ ಇದ್ದ ಇಬ್ಬರು ಪರಿಚಯದವರನ್ನು ಸಾಕ್ಷಿಗೆ ಕರೆದೆ. ಸಾಲು ಬಿಡಲು ಇದ್ದ ಕಾರಣವೂ ಹೋಗಿತ್ತು. ಮತ್ತೆ ಟೈಪು ಮಾಡಿಸಿದ್ದರೆ ಅರ್ಧ ಗಂಟೆಯ ಕೆಲಸ, ಸರದಿ ತಪ್ಪಿ ಮಧ್ಯಾಹ್ನವಾಗುತ್ತಿತ್ತು, ಅಷ್ಟೇ. ಅವರಿಗೆ ಸಮಾಧಾನ ಹೇಳುವುದಕ್ಕೂ ಹೊತ್ತಿರಲಿಲ್ಲ. ಓದಲು ಶುರುಮಾಡಿದೆ. ಆಕೆ ಸೆರಗು ಬಿಗಿ ಮಾಡಿಕೊಂಡು, ತಲೆ ಸ್ವಲ್ಪ ಬಾಗಿಸಿ ಕೇಳುತ್ತಿದ್ದರು. ಕಡೆಯ ಪುಟಕ್ಕೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಕ್ವಾಣೆ ವಿಸ್ಯ ಎಲ್ಲಪ್ಪ?"

ಆಗ ನಾನು ಮಾಡಿದ್ದನ್ನು ಇಷ್ಟು ವರ್ಷ ಹೆಂಡತಿಗೂ ಹೇಳಿಲ್ಲ. "ಬಂತು ಇರಕ್ಕಾ" ಅಂದೆ. ಕಾಗದದ ಮೇಲೆ ಬೆರಳಿಟ್ಟೆ. ಅಲ್ಲಿ ಇಲ್ಲದ ಸಾಲನ್ನು, ಇದೆಯೇನೋ ಅನ್ನುವ ಹಾಗೆ, ಬೆರಳು ಸರಿಸುತ್ತಾ ಓದಿದೆ. ಮೂವತ್ತು ವರ್ಷದ ಅಭ್ಯಾಸ. ಪತ್ರದ ಭಾಷೆ ನನ್ನ ನಾಲಿಗೆ ಮೇಲೇ ಇರುತ್ತಿತ್ತು, ಎಲ್ಲೂ ತಡವರಿಸಲಿಲ್ಲ. ಮಹದೇವಸ್ವಾಮಿ ತಲೆ ಎತ್ತಿ ನನ್ನ ಮುಖ ನೋಡಿದ, ಮತ್ತೆ ಬಗ್ಗಿಸಿದ. ಆಕೆ "ಆ, ಅದೇ" ಅಂದರು. ಮುಖದಲ್ಲಿ ನಗು ಬಂತು.

ಒಳಗೆ ಸಬ್ ರಿಜಿಸ್ಟ್ರಾರ್ ಸಾಹೇಬರು, "ಓದಿ ಹೇಳಿದ್ರೇನಮ್ಮ? ಎಲ್ಲಾ ಒಪ್ಪಿಗೆಯಾ?" ಅಂತ ಕೇಳಿದರು.

"ಎಲ್ಲಾ ಕೇಳಿಸ್ಕಂಡೆ ಬುದ್ದಿ. ಒಪ್ಗೆ."

ಹೆಬ್ಬೆಟ್ಟು ಇಟ್ಟರು.

ಎರಡು ಮೂರು ವರ್ಷ ಏನೂ ಆಗಲಿಲ್ಲ. ನಾನೂ ಮರೆತೆ ಅಂತ ಬರೆಯಬಹುದಿತ್ತು, ಆದರೆ ಮರೆತಿರಲಿಲ್ಲ. ಕುದೇರಿನವರು ಯಾರು ಬಂದರೂ ಬೇರೆಯವರ ಹತ್ತಿರ ಕಳಿಸುತ್ತಿದ್ದೆ.

ಒಂದು ದಿನ ಆಕೆಯೇ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಪತ್ರ. ಮಹದೇವಸ್ವಾಮಿ ಮುಂದಿನ ಕೋಣೆಗೆ ಷಟರ್ ಹಾಕಿಸಿ ಅಂಗಡಿಗೆ ಬಾಡಿಗೆಗೆ ಕೊಡುವುದೆಂದು ತೀರ್ಮಾನ ಮಾಡಿದ್ದ. ಮಗು ಹುಟ್ಟಿತ್ತು, ಖರ್ಚು ಹೆಚ್ಚಿತ್ತು. ಅತ್ತೆಗೆ ಹಿಂದಿನ ಕೋಣೆಯಲ್ಲಿ ಹೊಸ ಮಂಚ, ಫ್ಯಾನು ಎಲ್ಲ ಹಾಕಿಸಿಕೊಟ್ಟಿದ್ದ. ಆಕೆ ಪತ್ರದಲ್ಲಿ ಬರೆದಿದೆ ಅಂದಿದ್ದರು. ಊರಿನ ನಾಲ್ಕು ಜನ ಪತ್ರ ತರಿಸಿ, ಹೈಸ್ಕೂಲ್ ಮೇಷ್ಟ್ರ ಕೈಲಿ ಓದಿಸಿದ್ದರು. ಎರಡು ಸಲ. ಅಂಥ ಸಾಲು ಇರಲಿಲ್ಲ. 'ವಯಸ್ಸಾಯ್ತಲ್ಲ, ಏನೋ ನೆನ್ಸಿಕೊಂಡಿದ್ದಾರೆ' ಅಂದಿದ್ದರು. ಯಾರೋ ಅರಳು ಮರಳು ಅಂತಲೂ ಅಂದಿದ್ದರು.

ನನ್ನ ಬೆಂಚಿನ ಮೇಲೆ ಆಗ ನಾಲ್ಕು ಜನ ಗಿರಾಕಿಗಳಿದ್ದರು. ಟೈಪಿನ ಹುಡುಗಿ ಕೆಲಸ ನಿಲ್ಲಿಸಿ ನೋಡುತ್ತಿದ್ದಳು.

"ಕ್ವಾಣೆ ಓಗ್ಲಿ ಕಣಪ್ಪ," ಅಂದರು ಆಕೆ. "ಕ್ವಾಣೆಗೆ ಜಗ್ಳ ಆಡಕ್ಕೆ ಬಂದಿಲ್ಲ ನಾನು. ಅದೊಂದೇ ಏಳು. ಅವತ್ತು ನೀನು ಆ ಸಾಲು ಓದುದ್ಯೋ ಇಲ್ವೋ? ನಾನು ಕೇಳಿದ್ದು ನಿಜ್ವೋ, ಇಲ್ಲ ನನ್ ತಲೇಲೇ ಬಂದದ್ದೋ?"

ಕುದೇರಿನಿಂದ ಬಸ್ಸಿನಲ್ಲಿ ಬಂದು ಆಕೆ ಕೇಳಿದ್ದು ಇಷ್ಟೇ. ಹೂಂ ಅಂದಿದ್ದರೆ ಸಾಕಿತ್ತು. ಲೈಸೆನ್ಸು ಹೋಗುತ್ತಿತ್ತೋ ಏನೋ, ಹೆಸರಂತೂ ಹೋಗುತ್ತಿತ್ತು.

"ಇಲ್ಲಕ್ಕಾ," ಅಂದೆ. "ಪತ್ರದಲ್ಲಿ ಇದ್ದದ್ದನ್ನಷ್ಟೇ ಓದಿದ್ದು. ಬಾಯಲ್ಲಿ ಮಾತಾಡಿದ್ವಲ್ಲ, ಅದು ನಿಮಗೆ ಓದಿದ ಹಾಗೆ ನೆನಪಿರಬೇಕು. ವಯಸ್ಸಾದ ಮೇಲೆ ಹಾಗಾಗ್ತದೆ."

ಆಕೆ ಪತ್ರವನ್ನು ಮಡಿಸಿ ಕವರಿನೊಳಗೆ ಹಾಕುವಾಗ ಅದು ಸರಿಯಾಗಿ ಹೋಗಲಿಲ್ಲ, ಮತ್ತೆ ತೆಗೆದು ಮಡಿಸಿದರು.

"ಅಂಗಾದ್ರೆ ನಂಗೇ ಬುದ್ದಿ ಕೆಟ್ಟದೆ ಅನ್ನು," ಅಂದರು. ಸಿಟ್ಟಿನಲ್ಲಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮಾತು ನಂಬಿಯೇ ಅಂದರು.

ಒಂದು ವರ್ಷದ ಮೇಲೆ ಮಹದೇವಸ್ವಾಮಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಮಾತು ಬೇಡವೆಂದು ಪಕ್ಕಕ್ಕೆ ಸರಿದೆ, ಅವನೇ ಬಂದ.

"ಅತ್ತೆ ಈಚೆಗೆ ಒಂಥರಾ ಆಗವ್ರೆ ಸಾರ್. ಸಾರಿಗೆ ಉಪ್ಪು ಹಾಕಿದ್ನಾ ಅಂತ ನನ್ನ ಹೆಂಡ್ತೀನ ಕೇಳ್ತಾರೆ. ಬಾಗ್ಲು ಹಾಕಿದ್ನಾ ಅಂತ ಮೂರು ಸಲ ಎದ್ದು ನೋಡ್ತಾರೆ. ಊರಿನ ವಿಷ್ಯ ಏನಾದ್ರೂ ಕೇಳಿದ್ರೆ, ಮೊದ್ಲೆಲ್ಲ ಅವ್ರೇ ಹೇಳೋರು, ಈಗ 'ನಂಗೆ ಸರಿಯಾಗಿ ಗ್ಯಾನ ಇಲ್ಲಪ್ಪ, ಬ್ಯಾರೆಯವ್ರ ಕೇಳು' ಅಂತಾರೆ." ಆಮೇಲೆ ಕೇಳಿದ. "ಸಾರ್, ಅವತ್ತು ನೀವು ಓದಿದ್ರಿ ಅಲ್ವಾ? ನಾನೂ ಕೇಳಿಸ್ಕಂಡೆ."

"ಮತ್ತೆ ಊರವರ ಮುಂದೆ ಯಾಕೆ ಹೇಳಲಿಲ್ಲ?"

"ಪತ್ರದಲ್ಲೇ ಇರ್ಲಿಲ್ವಲ್ಲ ಸಾರ್. ಆಮೇಲೆ ಬರೆದೋರು ನೀವೇ ಇಲ್ಲ ಅಂದ್ರಿ."

ನಾನು ಬಿಟ್ಟ ಸಾಲಿನ ಮರೆಯಲ್ಲಿ ಅವನು, ಅವನ ಮೌನದ ಮರೆಯಲ್ಲಿ ನಾನು. ಇಬ್ಬರ ನಡುವೆ ಆಕೆ ತಮ್ಮ ನೆನಪನ್ನೇ ಬಿಟ್ಟುಕೊಟ್ಟರು. ತಿದ್ದುಪಡಿ ಪತ್ರಕ್ಕೆ ಇಬ್ಬರು ಒಪ್ಪಬೇಕು. ಆಗ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಇದ್ದೆವು, ಆದರೆ ಮೊದಲು ಬಾಯಿ ಬಿಡುವವರು ಯಾರೂ ಇರಲಿಲ್ಲ. ಅವನ ಬಸ್ಸು ಬಂತು, ಹತ್ತಿದ.

ಒಮ್ಮೆ ಕುದೇರಿಗೆ ಹೋದೆ. ಹೇಳಿಬಿಡುವುದೆಂದೇ ಹೋದದ್ದು. ಮುಂದಿನ ಕೋಣೆ ಟೀ ಅಂಗಡಿಯಾಗಿತ್ತು. ಅಲ್ಲೇ ಕೂತು ಒಂದು ಟೀ ಕುಡಿದೆ. "ಮನೆಯ ಅಜ್ಜಿ ಹೇಗಿದ್ದಾರೆ?" ಅಂದೆ. "ಇಂದ್ಗಡೆ ಅವ್ರೆ, ಕರೀಲಾ?" ಅಂದ ಅಂಗಡಿಯವನು. "ಬೇಡ, ಬಸ್ಸು ಬಂತು" ಅಂದು ಎದ್ದೆ. ಬಸ್ಸು ಬಂದಿರಲಿಲ್ಲ. ಮುಕ್ಕಾಲು ಗಂಟೆ ರಸ್ತೆಯ ಆ ಬದಿ, ಮನೆಗೆ ಬೆನ್ನು ಹಾಕಿ ನಿಂತಿದ್ದೆ.

ಎರಡು ವರ್ಷ ಕಳೆದ ಮೇಲೆ ಆಕೆ ತೀರಿಕೊಂಡ ಸುದ್ದಿ ಬಂತು.

ಈ ನಡುವೆ ಹಿರಿಯರ ರಕ್ಷಣೆಗೆ ಕಾನೂನು ಬಂದಿದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಸ್ವತ್ತು ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ರದ್ದು ಮಾಡಿಸಲು ದಾರಿಯಿದೆ. ಷರತ್ತು ಪತ್ರದಲ್ಲಿ ಬರೆದಿದ್ದರೆ ಅವರಿಗೆ ಬಲ, ಇಲ್ಲದಿದ್ದರೆ ಅಲೆದಾಟ. ಅದಕ್ಕೇ ಹೊಸಬರಿಗೆ ಹೇಳುತ್ತೇನೆ. ವಯಸ್ಸಾದವರು ಬಂದಾಗ ಜೊತೆಯವರನ್ನು ಟೀ ಕುಡಿಯಲು ಕಳಿಸಿ, ಅವರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿ. ಎಲ್ಲಿ ಮಲಗುತ್ತೀರಿ, ಯಾವ ಬಾಗಿಲು ಬೇಕು, ಕೈಕಾಲು ಬಿದ್ದರೆ ಯಾರು ಎತ್ತಬೇಕು, ಎಲ್ಲ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯಿರಿ. ಮಕ್ಕಳಿಗೆ ಬೇಸರವಾದರೆ ಆಗಲಿ, ಬೇಸರ ಕಳೆಯುತ್ತದೆ. ಆಮೇಲೆ ಗುರುತಿಲ್ಲದ ಮೂರನೆಯವರ ಕೈಲಿ ಒಂದು ಸಲ ಓದಿಸಿ. ನಮ್ಮ ಬಾಯಿಯೊಂದನ್ನೇ ಅವರು ನಂಬುವ ಹಾಗೆ ಬಿಡಬೇಡಿ.

ಆಪರೇಷನ್ ಆದರೂ ನನಗೂ ಈಗ ಕಣ್ಣು ಮಂಜು, ಅಚ್ಚಿನ ಸಣ್ಣ ಅಕ್ಷರ ಕಾಣುವುದಿಲ್ಲ. ಬ್ಯಾಂಕಿನ ಕಾಗದ, ಆಸ್ಪತ್ರೆಯ ಕಾಗದ ಎಲ್ಲ ಸೊಸೆ ಓದಿ ಹೇಳಬೇಕು. ಒಳ್ಳೆಯ ಹೆಣ್ಣುಮಗಳು, ನಿಧಾನವಾಗಿ ಓದುತ್ತಾಳೆ. ನಾನು ಮಾತ್ರ "ಅಲ್ಲಿ ಬೆರಳಿಡಮ್ಮ, ಅಲ್ಲೇ ಬರೆದಿದೆಯಾ?" ಅಂತ ಮತ್ತೆ ಮತ್ತೆ ಕೇಳುತ್ತೇನೆ. ಅವಳು "ಯಾಕೆ ಮಾವ, ನನ್ನ ಮೇಲೆ ನಂಬ್ಕೆ ಇಲ್ವಾ?" ಅಂದು ನೊಂದುಕೊಳ್ಳುತ್ತಾಳೆ.

ಆ ದಿನ ನಾನು ಓದಿದ್ದು ಇದು. 'ಸದರಿ ಮನೆಯ ಪೈಕಿ ಬೀದಿಯ ಕಡೆಗೆ ಬಾಗಿಲಿರುವ ಮುಂದಿನ ಕೋಣೆಯನ್ನು ನನ್ನ ಜೀವಮಾನ ಪರ್ಯಂತ ನಾನೇ ಅನುಭವಿಸಿಕೊಂಡು ಬರತಕ್ಕದ್ದು, ಇದಕ್ಕೆ ನೀವಾಗಲಿ ನಿಮ್ಮ ವಾರಸುದಾರರಾಗಲಿ ಯಾವ ತಂಟೆ ತಕರಾರೂ ಮಾಡತಕ್ಕದ್ದಲ್ಲ.' ಇದನ್ನು ಬರೆಯದೆ ಓದಿದೆ, ಓದಿದ ಮೇಲೆ ಓದಿಲ್ಲ ಅಂದೆ. ಕೇಳಿದವರ ಕಿವಿ ಸರಿಯಾಗಿತ್ತು. ಬುದ್ಧಿಯೂ ಸರಿಯಾಗಿತ್ತು. ಅವರ ಮುಂದೆ ಹೇಳಬೇಕಾಗಿದ್ದ ಮಾತನ್ನು ಅವರಿಲ್ಲದಾಗ ಬರೆಯುತ್ತಿದ್ದೇನೆ. ಕುದೇರಿನಲ್ಲಿ ಆಕೆಗೆ ಮರೆವು ಹಿಡಿದಿತ್ತು ಅಂತ ಇನ್ನೂ ಯಾರಾದರೂ ಆಡಿಕೊಳ್ಳುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಆಕೆಯ ಹೆಸರು ಪುಟ್ಟಮಾದಮ್ಮ.